ಕೋದಂಡರಾಮಪ್ಪನಿಗೆ ಗಂಡು ನೋಡಿದ್ದು

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ನನಗೆ ಗೊತ್ತಿಲ್ಲ. ಗೊತ್ತಿದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಫೋನಿನ ಮೇಲೆ ಬೆರಳು ಒತ್ತಿ ಹಿಡಿದು ಮಾತಾಡುತ್ತಿದ್ದೇನೆ. ಬೆರಳು ಎತ್ತಿದ ಕೂಡಲೇ ಮಾತೆಲ್ಲ ನನ್ನ ಮೊಮ್ಮಗಳ ಫೋನಿಗೆ ಹೋಗುತ್ತದಂತೆ, ಅವಳು ಕೂತು ಟೈಪು ಮಾಡುತ್ತಾಳಂತೆ. ನಾನು ಬಾಯಿಗೆ ಬಂದ ಹಾಗೆ ಹೇಳುತ್ತೇನೆ, ಅವಳು ಅದಕ್ಕೆ ಇಸ್ತ್ರಿ ಹಾಕಿ ಪುಸ್ತಕದ ಕನ್ನಡ ಮಾಡುತ್ತಾಳೆ. ಮಾಡಿಕೊಳ್ಳಲಿ. ಕಥೆಯೊಳಗಿನವರ ಬಾಯಿಗೆ ಮಾತ್ರ ಕೈ ಹಾಕಬೇಡ ಎಂದು ಹೇಳಿದ್ದೇನೆ.

ಮೊದಲನೇ ಡ್ರಾಫ್ಟ್ ಹೀಗಿತ್ತು: ‘೧೯೩೫ರ ಒಂದು ಸಂಜೆ ಯಲ್ದೂರಿನ ಕೋದಂಡರಾಮಪ್ಪ ಹೊಟ್ಟೆ ತುಂಬ ಈಚಲ ಹೆಂಡ ಕುಡಿದು, ಶ್ರೀನಿವಾಸಪುರದ ಸಂತೆಯಿಂದ ಗಾಡಿಯಲ್ಲಿ...’

ಇಷ್ಟು ಹೇಳುವಷ್ಟರಲ್ಲಿ ಆ ಕೋದಂಡರಾಮಪ್ಪನೇ ಎದ್ದು ಕೂತ. ಅವನು ನನ್ನ ತಾತ, ಅಮ್ಮನ ಅಪ್ಪ. (ನಮ್ಮ ಕಡೆ ತಾತನಿಗೆ ಬಹುವಚನ ಹಚ್ಚುವುದಿಲ್ಲ. ಹಚ್ಚಿದರೆ ಅವನೇ ಹಿಂದೆ ತಿರುಗಿ ಯಾರು ಬಂದರೆಂದು ನೋಡುತ್ತಾನೆ.) ಸತ್ತು ಐವತ್ತು ವರ್ಷದ ಮೇಲಾಯಿತು, ಆದರೂ ತನ್ನ ಹೆಸರು ಬಂದ ಕಡೆ ತಕರಾರು ತೆಗೆಯುವುದನ್ನು ಬಿಟ್ಟಿಲ್ಲ.

“ಲೇ, ಮೊದಲ್ನೇ ಸಾಲಲ್ಲೇ ನನ್ನ ಕುಡಿಸ್ಬೇಕೇನೇ? ಎತ್ತುಗಳಿಂದ ಶುರು ಮಾಡು. ಎಂಥಾ ಎತ್ತು ಕಣೇ ಅವು.”

ಆಯಿತು. ಎತ್ತುಗಳಿಂದ.

1, ಮತ್ತೊಮ್ಮೆ

ಎಂಥಾ ಎತ್ತುಗಳು ಅವು! ಶ್ರೀನಿವಾಸಪುರದ ಸಂತೆಯಿಂದ ಯಲ್ದೂರಿನ ಮನೆಯ ಬಾಗಿಲವರೆಗೆ ಹಗ್ಗ ಮುಟ್ಟುವವರಿಲ್ಲದೆ ತಾವೇ ನಡೆದು ಬಂದವು. ಗುಂಡಿ ಬಂದಲ್ಲಿ ಪಕ್ಕಕ್ಕೆ ಸರಿದವು, ಎದುರು ಗಾಡಿ ಬಂದಲ್ಲಿ ನಿಂತು ದಾರಿ ಬಿಟ್ಟವು. ಗಾಡಿಯೊಳಗೆ ಹುಲ್ಲಿನ ಮೇಲೆ ತಾತ ಮಲಗಿದ್ದ. ಮನೆಯ ಮುಂದೆ ಎತ್ತುಗಳು ನಿಂತಾಗ ಅಜ್ಜಿ ಮುನಿಶಾಮಮ್ಮ ಹೊರಗೆ ಬಂದು ಗಾಡಿಯೊಳಗೆ ಇಣುಕಿದಳು. ಉಪ್ಪಿನ ಚೀಲ ಇತ್ತು, ಹೊಸ ಮೊರ ಇತ್ತು, ಗಂಡ ಇದ್ದ. ಬೆಳಿಗ್ಗೆ ಅಪ್ಪನ ಜೊತೆ ಸಂತೆಗೆ ಹೋಗಿದ್ದ ಮಗಳು ಇರಲಿಲ್ಲ.

(ಓದುಗರೇ, ಗಾಬರಿ ಬೇಡ. ಆ ಹುಡುಗಿ ಭಾರತಮ್ಮ, ಮನೆಯಲ್ಲಿ ಭಾರತಿ, ನನ್ನ ಅಮ್ಮ. ಅವಳು ಕಳೆದುಹೋಗಿದ್ದರೆ ಇವತ್ತು ಈ ಫೋನು ಹಿಡಿದು ನಿಮ್ಮ ತಲೆ ತಿನ್ನಲು ನಾನಿರುತ್ತಿರಲಿಲ್ಲ. ಈ ಕಥೆಯಲ್ಲಿ ಸಸ್ಪೆನ್ಸ್ ನಿಲ್ಲದೇ ಇರುವುದಕ್ಕೆ ನಾನೇ ಕಾರಣ.)

ಅವಳಿಗೆ ಆಗ ಹತ್ತು ವರ್ಷ. ಸಂತೆ ಮುಗಿದು ಜನ ಚದುರಿದರೂ ಮೊರದ ಅಂಗಡಿಯ ಹತ್ತಿರ ಕೂತೇ ಇದ್ದಳಂತೆ. ಕೇಳಿದವರಿಗೆಲ್ಲ ಅಪ್ಪ ಬರುತ್ತಾನೆ ಎಂದೇ ಹೇಳಿದಳಂತೆ, ಅಳಲಿಲ್ಲವಂತೆ. ಕೊನೆಗೆ ಮಾವಿನ ವ್ಯಾಪಾರದ ತಾಜ್ ಪಾಷಾ, ನಮ್ಮ ಬೀದಿಯವರು, ಅವಳನ್ನು ನೋಡಿ ಖಾಲಿ ಬುಟ್ಟಿಗಳ ಮೇಲೆ ಕೂರಿಸಿಕೊಂಡು ಹೊರಟರು. ಇತ್ತ ಅಜ್ಜಿ ಒಂದು ಬಿಂದಿಗೆ ನೀರು ಸುರಿದು ತಾತನನ್ನು ಎಬ್ಬಿಸಿದಳು. ಅವನು ಎದ್ದವನೇ ಬರಿಗಾಲಲ್ಲಿ ಶ್ರೀನಿವಾಸಪುರದ ರಸ್ತೆಯಲ್ಲಿ ಓಡಿದ. ಅರ್ಧ ದಾರಿಯಲ್ಲಿ ತಾಜ್ ಪಾಷಾ ಅವರ ಗಾಡಿ ಎದುರಾಯಿತು. ಮಗಳು ಬುಟ್ಟಿಯ ಮೇಲಿಂದ, “ಅಪ್ಪಾ, ನನ್ನ ಮರ್ತೋಗ್ಬಿಟ್ಯಾ?” ಎಂದಳು. ತಾತ ರಸ್ತೆಯ ಮಧ್ಯೆ ಕೂತುಬಿಟ್ಟ.

ಮರುದಿನ, ಇನ್ನು ಹೆಂಡ ಮುಟ್ಟುವುದಿಲ್ಲ ಎಂದು ಆಣೆ ಹಾಕಿದ. ಅದರ ಮರುದಿನ ಕುಡಿದ.

“ಎತ್ತಿಂದ ಶುರು ಮಾಡು ಅಂದ್ರೆ ಮತ್ತೆ ಅಲ್ಲಿಗೇ ಬಂದ್ಯಲ್ಲೇ,” ಎನ್ನುತ್ತಾನೆ. ನಾನೇನು ಮಾಡಲಿ? ಎತ್ತುಗಳು ಅಲ್ಲಿಗೇ ಬಂದವು.

2

ತಾತ ಕುಡಿದು ಹೊಡೆಯುವವನಲ್ಲ. ಅದೇ ದೊಡ್ಡ ತೊಂದರೆ. ಕುಡಿದರೆ ಹಾಡುತ್ತಿದ್ದ, ನಗಿಸುತ್ತಿದ್ದ, ಮೈಮೇಲಿನ ಕಂಬಳಿ ತೆಗೆದು ದಾರಿಹೋಕರಿಗೆ ಹೊದಿಸುತ್ತಿದ್ದ. ಊರಿಗೆಲ್ಲ ಅವನು ಬೇಕು. ಹೊಡೆಯುವ ಗಂಡನಾದರೆ ಊರು ನಾಲ್ಕು ಮಾತು ಹೇಳುತ್ತದೆ, ನಗಿಸುವ ಗಂಡನಿಗೆ ಇನ್ನೊಂದು ಮಡಕೆ ಕೊಡಿಸುತ್ತದೆ. ಇದು ಕಾಯಿಲೆ ಎಂದು ಗೊತ್ತಿದ್ದದ್ದು ಇಬ್ಬರಿಗೇ: ಅಜ್ಜಿಗೆ, ಮತ್ತೆ ಅವಳ ಅತ್ತೆ, ಅಂದರೆ ತಾತನ ತಾಯಿ ಅಂಜಮ್ಮನಿಗೆ.

ತಾಜ್ ಪಾಷಾ ಅವರ ಹೆಂಡತಿ ರಹಮತುನ್ನೀಸಾ ಅಜ್ಜಿಯ ಗೆಳತಿ. ಅವರೇ ಮೊದಲು ದಾರಿ ತೋರಿಸಿದ್ದು. ಔಷಧಿ ಕೊಡುವವರು ಬೇಕಾದಷ್ಟಿದ್ದಾರೆ, ಕೋಲಾರದಲ್ಲಿ ಒಬ್ಬರು, ಮುಳಬಾಗಿಲಲ್ಲಿ ಒಬ್ಬರು, ಮಾಲೂರಿನಲ್ಲಿ ಒಬ್ಬರು. ಮೊದಲು ಸಿಕ್ಕಿದವರ ಕೈಗೆ ಗಂಡನನ್ನು ಕೊಟ್ಟು ಬರಬೇಡ ಎಂದರು.

“ಬಳೆ ತಗೊಳೋವಾಗ ಕೈಗೆ ಹಾಕಿ ನೋಡ್ತೀಯ ಶಾಮಮ್ಮ. ಇದು ಮನುಷ್ಯನ ಜೀವ. ಅಳಿಯನ್ನ ಹುಡ್ಕೋ ಹಾಗೆ ಹುಡ್ಕು. ಮನೆ ನೋಡು, ಮಾತು ನೋಡು, ಆಮೇಲೆ ಒಪ್ಕೊ.”

(ಈಗಿನವರು ಇದಕ್ಕೆ ಕುಡಿತ ಬಿಡಿಸುವ ಪ್ರೋಗ್ರಾಮ್ ಆಯ್ಕೆ ಎನ್ನುತ್ತಾರಂತೆ. ಮೊಮ್ಮಗಳು ಹೇಳಿದಳು. ಎಸಿ ರೂಮು ಇದೆಯಾ, ರೇಟಿಂಗ್ ಎಷ್ಟು ಎಂದೆಲ್ಲ ನೋಡುತ್ತಾರಂತೆ. ರಹಮತುನ್ನೀಸಾ ಹೇಳಿದ್ದೂ ಅದೇ.)

ಇದರಲ್ಲಿ ಒಂದು ಕಷ್ಟ ಇತ್ತು. ಹಿಂದೆ ಒಮ್ಮೆ ಆಸ್ಪತ್ರೆಯ ಮಾತೆತ್ತಿದ್ದಕ್ಕೆ ತಾತ ತೋಪಿನ ದೊಡ್ಡ ಮಾವಿನ ಮರ ಹತ್ತಿ ಇಡೀ ದಿನ ಇಳಿದಿರಲಿಲ್ಲ. ಅವನಿಗೆ ಗೊತ್ತಾಗದೆ ಮೂರು ಊರು ಸುತ್ತಬೇಕು. ಸುತ್ತಬೇಕೆಂದರೆ ಗಾಡಿ ಬೇಕು. ಗಾಡಿ ಹೊಡೆಯುವವನು ಅವನೇ.

ಅಂಜಮ್ಮ ಎಲೆಗೆ ಸುಣ್ಣ ಸವರುತ್ತ ಯೋಚಿಸಿದಳು. ಆಮೇಲೆ ಮಗನನ್ನು ಕರೆದು, ನಾಳೆ ಗಾಡಿ ಕಟ್ಟು, ಭಾರತಿಗೆ ಗಂಡು ನೋಡಲು ಹೋಗುತ್ತಿದ್ದೇವೆ ಎಂದಳು. ಆ ಕಾಲದಲ್ಲಿ ಹತ್ತು ವರ್ಷದ ಹುಡುಗಿಗೆ ಗಂಡು ಹುಡುಕುವುದು ಯಾರಿಗೂ ವಿಚಿತ್ರವಲ್ಲ. ತಾತನ ಕಣ್ಣಲ್ಲಿ ನೀರು ಬಂತು. ಅಂಗಿ ಒಗೆದು ಹಾಕಿಕೊಂಡ. ತಾನೂ ಒಳಗೆ ಬರುತ್ತೇನೆ ಎಂದ. ಅಂಜಮ್ಮ ಅಲ್ಲೇ ಒಂದು ಶಾಸ್ತ್ರ ಹುಟ್ಟಿಸಿದಳು: ಮೊದಲ ಸಲ ಹೆಣ್ಣಿನ ತಂದೆ ಗಂಡಿನ ಮನೆಯ ಹೊಸ್ತಿಲು ತುಳಿಯಬಾರದು, ತುಳಿದರೆ ಸಂಬಂಧ ಸಸ್ತಾ ಆಗುತ್ತದೆ.

“ಯಾವೋನ್ ಹೇಳಿದ್ದು ಇದನ್ನ?” ಎಂದ ತಾತ.

“ನಿಮ್ಮಪ್ಪ. ಪೋರಾ, ಎತ್ತಿಗೆ ನೀರು ಕುಡಿಸು.”

4

ಮೂರನೇ ವಾಯ್ಸ್ ನೋಟಿನ ತುಂಬ ಹಿತ್ತಲಿನ ಕೋಳಿಯೇ ಕೂಗಿದೆಯೆಂದು ಮೊಮ್ಮಗಳು ಡಿಲೀಟ್ ಮಾಡಿದ್ದಾಳೆ. ಅದರಲ್ಲಿ ಆ ಕಾಲದ ರಾಜಕೀಯ, ಮಳೆ ಬೆಳೆ ಎಲ್ಲ ವಿವರವಾಗಿ ಹೇಳಿದ್ದೆ. ಕೋಳಿಗೆ ಕಥೆ ಗೊತ್ತು.

ಕೋಲಾರದ ಗಂಡು ಒಬ್ಬರು ಡಾಕ್ಟರು. ತಮ್ಮ ಮನೆಯ ಮುಂದಿನ ಹಜಾರದಲ್ಲೇ ಮಂಚಗಳನ್ನು ಹಾಕಿ ರೋಗಿಗಳನ್ನು ಇಟ್ಟುಕೊಂಡಿದ್ದವರು. ತಾತ ಹುಣಸೆ ಮರದ ಕೆಳಗೆ ಗಾಡಿ ಬಿಟ್ಟು ಕೂತ. ಅಂಜಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಇಟ್ಟುಕೊಂಡು ಸೊಸೆಯ ಜೊತೆ ಒಳಗೆ ಹೋದಳು. ಡಾಕ್ಟರಿಗೆ ಮೊದಲು ಏನೂ ತಿಳಿಯಲಿಲ್ಲ. ಅವರ ಸ್ವಂತ ಊರು ಯಾವುದು, ಅಣ್ಣತಮ್ಮಂದಿರು ಎಷ್ಟು ಜನ, ಮನೆಯಲ್ಲಿ ಅಡುಗೆ ಯಾರದು ಎಂದು ಅಂಜಮ್ಮ ಕೇಳಿದ ಮೇಲೆ, ಅಮ್ಮಾ ನನಗೆ ಮದುವೆಯಾಗಿದೆ ಎಂದರಂತೆ.

ವಿಷಯ ಗೊತ್ತಾದ ಮೇಲೆ ಒಳ್ಳೆಯ ಮನುಷ್ಯ, ನಗಲಿಲ್ಲ. ಕೂತು ಬಿಡಿಸಿ ಹೇಳಿದರು. ಕೆಲವು ವಾರ ಇಲ್ಲೇ ಇರಬೇಕು. ಹಳೇ ಕುಡುಕ ಏಕಾಏಕಿ ಬಿಟ್ಟರೆ ಮೊದಲು ಕೈಕಾಲು ನಡುಗುತ್ತವೆ, ಬೆವರು ಕಿತ್ತು ಬರುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಆಗ ಒಬ್ಬನನ್ನೇ ಬಿಡಬಾರದು, ಗಂಜಿ ನೀರು ಕುಡಿಸುತ್ತಲೇ ಇರಬೇಕು, ಜೀವಕ್ಕೇ ಬರುವ ಹಾಗೆ ಕಂಡರೆ ತಡ ಮಾಡದೆ ಇಲ್ಲಿಗೆ ತರಬೇಕು. ಎಲ್ಲಕ್ಕಿಂತ ಮುಖ್ಯ, ಬಿಡಬೇಕು ಎಂದು ಅವನ ಬಾಯಲ್ಲೇ ಬರಬೇಕು. ಅಜ್ಜಿ ಒಂದೊಂದು ಮಾತನ್ನೂ ನೆನಪಿಟ್ಟುಕೊಂಡಳು. ಅಂಜಮ್ಮ, ವಾಸಿಯಾದವನೊಬ್ಬನನ್ನು ತೋರಿಸಿ ಎಂದಳು. ಡಾಕ್ಟರು ಒಬ್ಬನನ್ನು ಕರೆಸಿದರು. ಎರಡು ವರ್ಷದಿಂದ ಒಂದು ತೊಟ್ಟು ಮುಟ್ಟಿಲ್ಲವಂತೆ. ಒಣಗಿದ ಸೋರೆಬುರುಡೆಯ ಹಾಗೆ ಬಂದು ನಿಂತ.

“ಇವನು ನಗ್ತಾನಾ?” ಎಂದಳು ಅಂಜಮ್ಮ.

ಅದು ನನ್ನ ಕೈಯಲ್ಲಿಲ್ಲ ತಾಯಿ ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ಅಂಜಮ್ಮ ಸೊಸೆಗೆ ಹೇಳಿದ್ದು ಇಷ್ಟೇ: “ಕುಡ್ದು ನಗೋ ಮಗ ನಂಗಿದಾನೆ. ಕುಡೀದೆ ನಗೋನ್ ಬೇಕು.” ಇದಾದ ಮೇಲೆ ಅವರು ಎಲ್ಲಿಗೆ ಹೋದರೂ ಅಳತೆಗೋಲು ಅದೇ ಆಯಿತು. ಗಾಡಿಯ ಹತ್ತಿರ ತಾತ ಆಸೆಯಿಂದ ನಿಂತಿದ್ದ. ಹುಡುಗ ಹೇಗಿದ್ದಾನೆ ಎಂದ. ಒಳ್ಳೆ ಮನೆತನ, ಮುಖದಲ್ಲಿ ಕಳೆ ಇಲ್ಲ ಎಂದಳು ತಾಯಿ.

5

ಮುಳಬಾಗಿಲ ಗಂಡು ಒಬ್ಬ ಮುದುಕ ಪೂಜಾರಿ. ಊರಾಚೆ ಬಂಡೆಯ ಮೇಲಿನ ಸಣ್ಣ ಗುಡಿ. ಅಲ್ಲಿ ಕರ್ಪೂರ ಹಚ್ಚಿ, ದೇವರ ಮುಂದೆ ಕೈಯಿಟ್ಟು ಆಣೆ ಮಾಡಿದ ಕುಡುಕ ಮತ್ತೆ ಮುಟ್ಟಿದ್ದಿಲ್ಲ ಎಂದು ಪ್ರತೀತಿ. ಪೂಜಾರಿ ನಿಯತ್ತಿನ ಮನುಷ್ಯ, ಮೊದಲೇ ಒಂದು ಪ್ರಶ್ನೆ ಕೇಳಿದ: ಇದಕ್ಕೆ ಮುಂಚೆ ನಿಮ್ಮ ಯಜಮಾನರು ಎಲ್ಲಾದರೂ ಆಣೆ ಹಾಕಿದ್ದುಂಟಾ? ಆಣೆ ಮುರಿದ ದೇವರ ಹತ್ತಿರ ಹಳೇ ವ್ಯಾಜ್ಯ ಬಾಕಿ ಇರುತ್ತದೆ, ಆ ದೇವರು ಕೈ ಹಿಡಿಯುವುದಿಲ್ಲ, ಹೊಸ ದೇವರೇ ಆಗಬೇಕು.

ಅಜ್ಜಿ ಹೇಳುತ್ತಾ ಹೋದಳು. ಮನೆದೇವರು. ಊರ ಬಾಗಿಲ ಹನುಮಂತ. ಕೆರೆಯ ಏರಿಯ ಗಂಗಮ್ಮ. ತಾಜ್ ಪಾಷಾ ಅವರ ಜೊತೆ ಹೋಗಿ ದರ್ಗಾದಲ್ಲಿ ಒಮ್ಮೆ. ಶಿಲ್ಪಿಗಳ ಊರು ಶಿವಾರಪಟ್ಟಣಕ್ಕೆ ಕಲ್ಲು ತರಲು ಹೋದಾಗ ಇನ್ನೂ ಕಣ್ಣು ತೆರೆಯದ, ಅರ್ಧ ಕೆತ್ತಿದ ಒಂದು ಮೂರ್ತಿಯ ಮೇಲೂ ಆಣೆ ಹಾಕಿದ್ದ. ಪೂಜಾರಿ ಬೆರಳು ಮಡಿಸುತ್ತಾ ಕೇಳಿದ, ಆಮೇಲೆ ಬೆರಳು ಮಡಿಸುವುದನ್ನು ಬಿಟ್ಟ. ಕೊನೆಗೆ ಅಜ್ಜಿ ಈ ಗುಡಿಯ ದೇವರ ಹೆಸರನ್ನೂ ಸಣ್ಣ ದನಿಯಲ್ಲಿ ಹೇಳಿದಳು. ಜಾತ್ರೆಗೆ ಬಂದಾಗ ಅದೂ ಆಗಿತ್ತು.

“ಈ ಸೀಮೇಲಿ ಬಾಕಿ ದೇವ್ರು ಇಲ್ಲಮ್ಮಾ,” ಎಂದ ಪೂಜಾರಿ, ಮತ್ತೆ ಅವರಿಗೆ ಪುಳಿಯೋಗರೆ ಕೊಟ್ಟು ಕಳಿಸಿದ.

(ಇಲ್ಲಿ ತಾತ ಅಡ್ಡ ಬಾಯಿ ಹಾಕುತ್ತಾನೆ: ಶಿವಾರಪಟ್ಟಣದ್ದು ಲೆಕ್ಕಕ್ಕಿಲ್ಲ, ಮೂರ್ತಿಗೆ ಆಗಿನ್ನೂ ಕಿವಿ ಕೆತ್ತಿರಲಿಲ್ಲ ಎಂದು.)

6

ಮಾಲೂರಿನ ಗಂಡಿನ ಹೆಸರು ವೆಂಕಟರಾಯಪ್ಪ, ನಾಟಿ ವೈದ್ಯ. ಅವನದು ಬೇರೆ ವಿಧಾನ. ಒಂದು ಪುಡಿ. ರೋಗಿಗೆ ಹೇಳುವುದೇ ಬೇಡ, ಸಾರಿನಲ್ಲಿ ಕದಡಿ ಕೊಟ್ಟರೆ ಸಾಕು. ಆಮೇಲೆ ಕುಡಿದರೆ ವಾಂತಿ, ವಾಸನೆ ಹಿಡಿದರೂ ವಾಂತಿ. ಅಜ್ಜಿಯ ಮುಖ ಅರಳಿತು. ಇದೇ ಆಗಲಿ ಎನ್ನುವಷ್ಟರಲ್ಲಿ ಅಂಜಮ್ಮ ತಡೆದಳು. ನೀರು ಕುಡಿದು ನೋಡದ ಮನೆಗೆ ಹೆಣ್ಣು ಕೊಡುತ್ತಾರಾ? ನನ್ನ ಮಗನಿಗೆ ಹಾಕುವುದನ್ನು ಮೊದಲು ನಾನು ತಿನ್ನುತ್ತೇನೆ ಎಂದು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ರುಚಿ ಏನಿಲ್ಲ ಎಂದು ಇನ್ನೊಂದು ಚಿಟಿಕೆ ಹಾಕಿಕೊಂಡಳು.

ಮಾಲೂರಿನ ಗಡಿ ದಾಟುವ ಮೊದಲೇ ಶುರುವಾಯಿತು. ದಾರಿಯುದ್ದಕ್ಕೂ ತಾತ ಗಾಡಿ ನಿಲ್ಲಿಸುವುದು, ಅಂಜಮ್ಮ ಇಳಿಯುವುದು, ಅಜ್ಜಿ ಬೆನ್ನು ಸವರುವುದು. ಗಂಡಿನ ಮನೆಯಲ್ಲಿ ಏನು ಬಡಿಸಿದರು ಎಂದು ತಾತ ಕೇಳಿದ. ಪಾಯಸ ಎಂದಳು ಅಜ್ಜಿ.

“ಇಂಥಾ ಮನೇಗಾ ನನ್ ಮಗಳನ್ನ ಕೊಡೋದು? ಬ್ಯಾಡ ಬಿಡು.”

ಪುಡಿಯ ನಿಜವಾದ ಕೆಲಸ ಮರುದಿನ ತಿಳಿಯಿತು. ಅಂಜಮ್ಮ ಎಂದಿನಂತೆ ಎಲೆಯ ಜೊತೆ ಹೊಗೆಸೊಪ್ಪು ಬಾಯಿಗಿಟ್ಟಳು, ಓಡಿಹೋಗಿ ಉಗುಳಿದಳು. ಮೈನೆರೆದಾಗಿನಿಂದ ಹಾಕುತ್ತಿದ್ದ ಹೊಗೆಸೊಪ್ಪು ಅವತ್ತಿಗೆ ಕೊನೆ. ಸಾಯುವವರೆಗೂ ವೆಂಕಟರಾಯಪ್ಪನಿಗೆ ತೆಲುಗಿನಲ್ಲಿ ಬೈದಳು. (ಅವನ ಔಷಧಿ ಕೆಲಸ ಮಾಡಲಿಲ್ಲ ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ.) ಅಜ್ಜಿ ಉಳಿದ ಪುಡಿಯನ್ನು ಹಿತ್ತಲಲ್ಲಿ ಹೂತಳು. ಇಷ್ಟು ಮುದುಕಿಯನ್ನೇ ಹೀಗೆ ಮಾಡಿದ್ದು ಅವನನ್ನು ಏನು ಮಾಡುತ್ತದೋ ಎಂದು ಹೆದರಿದಳು.

ಅಲ್ಲಿಗೆ ಮೂರು ಗಂಡುಗಳೂ ಮುಗಿದವು. ಒಂದೂ ಕೂಡಲಿಲ್ಲ.

7

ಇಲ್ಲಿ ನಾನು ನಿಲ್ಲಬೇಕು. ಏಕೆಂದರೆ ನಾನು ಬಿಟ್ಟಿದ್ದ ಒಂದು ಸಂಗತಿ ಆ ಮಾಲೂರಿನ ದಾರಿಯಲ್ಲೇ ನಡೆದಿತ್ತು. ವಾಂತಿಯ ಗಲಾಟೆಯಲ್ಲಿ ಹೇಳಲು ಮನಸ್ಸು ಬರಲಿಲ್ಲ.

ಒಂದು ಕೆರೆಯ ಹತ್ತಿರ ತಾತ ಎತ್ತುಗಳನ್ನು ನೀರಿಗೆ ಬಿಟ್ಟಿದ್ದ. ಸುಸ್ತಾದ ಅಂಜಮ್ಮ ಗಾಡಿಯಲ್ಲಿ ನಿದ್ದೆ ಹೋಗಿದ್ದಳು. ಅಜ್ಜಿ ಏರಿಯ ಮೇಲೆ ಕೂತಿದ್ದಳು. ತಾತ ಎತ್ತಿನ ಬೆನ್ನು ಉಜ್ಜುತ್ತಾ, ಅವಳ ಕಡೆ ತಿರುಗದೆ ಕೇಳಿದ.

“ನನ್ ವಿಷ್ಯ ಕೇಳಿದ್ರಾ?”

ಕೇಳಿದ್ದರೇ ಇಲ್ಲವೇ? ಮೂರು ಊರಿನಲ್ಲೂ ಕೇಳಿದ್ದು ಅದೊಂದೇ. ಅಜ್ಜಿ ಇಲ್ಲಿ ನಿಜ ಹೇಳಬಹುದಿತ್ತು. ಹಾಗೆ ಒಂದು ಡ್ರಾಫ್ಟ್ ಮಾಡಿ ನೋಡಿದೆ. ಅದರಲ್ಲಿ ಅವಳು ಎಲ್ಲ ಬಿಚ್ಚಿ ಹೇಳುತ್ತಾಳೆ, ಅವನು ಅಳುತ್ತಾನೆ, ಹಿನ್ನೆಲೆಯಲ್ಲಿ ಸೂರ್ಯ ಮುಳುಗುತ್ತಾನೆ. ಮೊಮ್ಮಗಳು ಓದಿ ಹೇಳಿದಾಗ, ತಾತನ ಹಾಗೆಯೇ ಎದ್ದು ಬಂದ ಅಜ್ಜಿಗೇ ನಗು ತಡೆಯಲಾಗಲಿಲ್ಲ: “ಯಾರ್ ಕಥೆನೇ ಇದು? ನಾನ್ ಹಂಗ್ ಮಾತಾಡ್ತೀನಾ?” ಅಳಿಸಿ ಹಾಕಿಸಿದೆ.

ಅವಳು ಹೇಳಿದ್ದು, “ಕೇಳಿದ್ರು.”

“ಏನಂದೆ?”

“ಕುಡಿಯಲ್ಲ ಅಂದೆ.”

ತಾತ ಬಹಳ ಹೊತ್ತು ಎತ್ತಿನ ಬೆನ್ನು ಉಜ್ಜಿದ. ಉಜ್ಜಿದ ಜಾಗವನ್ನೇ ಉಜ್ಜಿದ.

“ಸುಳ್ಳು ಹೇಳ್ಬಿಟ್ಯಲ್ಲೇ.”

“ಮತ್ತೇನ್ ಹೇಳ್ಲಿ ಬಾವ?” (ಅವನು ಅವಳ ಸೋದರತ್ತೆಯ ಮಗ. ಮದುವೆಗೆ ಮುಂಚಿನಿಂದಲೂ ಬಾವ, ಆಮೇಲೂ ಬಾವ.)

“ಹಂಗಾರೆ ವಿಚಾರ್ಸೋಕೆ ಬರ್ತಾರೆ,” ಎಂದ.

8

ಈ ವಿಚಾರಿಸುವ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಕಡೆ ಒಂದು ಸಂಬಂಧ ಕುದುರುವ ಮೊದಲು ಗಂಡಿನ ಕಡೆಯವರು ಗುಟ್ಟಾಗಿ ಹೆಣ್ಣಿನ ಊರಿಗೆ ಒಬ್ಬನನ್ನು ಕಳಿಸುತ್ತಿದ್ದರು. ಅವನು ನೆಂಟನ ಹಾಗೆ ಬರುವುದಿಲ್ಲ. ದನ ಕೊಳ್ಳುವವನ ಹಾಗೆ ಬರುತ್ತಾನೆ, ದಾರಿ ತಪ್ಪಿದವನ ಹಾಗೆ ಬರುತ್ತಾನೆ, ಬಾಯಾರಿದವನ ಹಾಗೆ ಬಂದು ಜಗಲಿಯಲ್ಲಿ ಕೂತು ಮನೆಯನ್ನೆಲ್ಲ ಅಳೆದುಕೊಂಡು ಹೋಗುತ್ತಾನೆ. ಯಾರು, ಯಾವಾಗ ಎಂದು ಹೇಳಲಾಗುವುದಿಲ್ಲ. ಅಂದರೆ ಊರಿಗೆ ಬಂದ ಗುರುತಿಲ್ಲದ ಪ್ರತಿಯೊಬ್ಬನೂ ಅವನೇ ಇರಬಹುದು.

ತಾತ ಅವತ್ತಿನಿಂದ ಹೆಂಡದಂಗಡಿಗೆ ಹೋಗಲಿಲ್ಲ. ಬಿಡುತ್ತೇನೆ ಎನ್ನಲಿಲ್ಲ, ಆಣೆ ಹಾಕಲಿಲ್ಲ. ಹಾಕಲು ದೇವರೂ ಉಳಿದಿರಲಿಲ್ಲ. ಮೈ ಸರಿಯಿಲ್ಲ, ಜ್ವರ ಎಂದು ತೋಪಿನ ಗುಡಿಸಲಲ್ಲಿ ಮಲಗಿದ. ಕೋಲಾರದ ಡಾಕ್ಟರು ಹೇಳಿದ್ದೆಲ್ಲ ಒಂದೊಂದಾಗಿ ಬಂತು. ಕೈ ನಡುಗಿ ಚೊಂಬು ಹಿಡಿಯಲಾಗಲಿಲ್ಲ. ಚಾಪೆ ಒದ್ದೆಯಾಗುವಷ್ಟು ಬೆವರಿದ. ಎತ್ತುಗಳು ಸೂರಿನ ಮೇಲೆ ನಡೆಯುತ್ತಿವೆ, ಇಳಿಸಿರೆಂದು ಕೂಗಿದ. ಅಜ್ಜಿ ಪಕ್ಕ ಬಿಟ್ಟು ಏಳಲಿಲ್ಲ. ಜೀವಕ್ಕೇ ಬಂತು ಅನ್ನಿಸಿದ ದಿನ, ಕೋಲಾರಕ್ಕೆ ಒಯ್ಯಲು ತಾಜ್ ಪಾಷಾ ತಮ್ಮ ಗಾಡಿ ಕಟ್ಟಿ ಗುಡಿಸಲ ಮುಂದೆಯೇ ನಿಲ್ಲಿಸಿದ್ದರು. ರಹಮತುನ್ನೀಸಾ ಗಂಜಿ ಕಾಯಿಸಿ ತರುವುದು, ಅಜ್ಜಿ ತೊಟ್ಟುತೊಟ್ಟಾಗಿ ಕುಡಿಸುವುದು. ಗಾಡಿ ಹೊರಡುವ ಪ್ರಸಂಗ ಬರಲಿಲ್ಲ. ಅವನು ಕಣ್ಣು ಬಿಟ್ಟು ಕೇಳಿದ ಮೊದಲ ಮಾತು, ಯಾರಾದರೂ ವಿಚಾರಿಸಲು ಬಂದಿದ್ದರಾ ಎಂದು.

ಅಜ್ಜಿಗೆ ಆಗ ಹೊಳೆಯಿತು. ಮೂರು ಊರು ಸುತ್ತಿ ಹುಡುಕಿದ ಗಂಡು ಗಾಡಿಯಲ್ಲಿ ತಮ್ಮ ಜೊತೆಗೇ ಬಂದಿತ್ತು.

(ಈ ಮೇಲಿನ ವಾಕ್ಯ ಚೆನ್ನಾಗಿದೆ, ಕಥೆಯನ್ನು ಇಲ್ಲೇ ಮುಗಿಸಬಹುದು ಎಂದು ಮೊಮ್ಮಗಳ ಮೆಸೇಜು. ಮುಗಿಸಿದರೆ ನನ್ನ ಅಮ್ಮನ ಮದುವೆಯ ಗತಿ?)

9

ಮಾವಿನ ಸುಗ್ಗಿ ಬಂತು. ಯಲ್ದೂರಿಗೆ ಸುಗ್ಗಿಯೆಂದರೆ ಗುರುತಿಲ್ಲದವರ ಸಂತೆ. ಮದ್ರಾಸಿನ ಕಡೆಯ ಸಾಹುಕಾರರು, ಬುಟ್ಟಿ ಹೆಣೆಯುವವರು, ಕಾಯಿ ಕೀಳುವವರು. ತಾತನಿಗೆ ಉಸಿರಾಡಲು ಬಿಡುವಿಲ್ಲ. ಬಳೆಗಾರನೊಬ್ಬ ನೀರು ಕೇಳಿದ್ದಕ್ಕೆ ಒಳಗೆ ಕರೆದು ಕೂರಿಸಿ, ಮಜ್ಜಿಗೆ ಕೊಟ್ಟು, ಕೇಳದೇ ಇದ್ದರೂ ನಮ್ಮ ವಂಶದಲ್ಲೇ ಯಾರೂ ಕುಡಿಯುವುದಿಲ್ಲ ಎಂದ. ಬಳೆಗಾರ ಹೆದರಿ ಎದ್ದು ಹೋದ. ಹೆಂಡದಂಗಡಿಯ ಜೊತೆಗಾರ ಮುನಿರಾಮಪ್ಪ ಬೀದಿಯಲ್ಲಿ ನಿಂತು ಕರೆದರೆ, ಇವರು ಯಾರೋ ನನಗೆ ತಿಳಿಯದು ಎನ್ನುವ ಮುಖ ಮಾಡಿ ಒಳಗೆ ಹೋಗುತ್ತಿದ್ದ.

ನಗಿಸುವುದನ್ನು ಬಿಟ್ಟನೇ? ಇಲ್ಲ. ಅದನ್ನೇ ನಾನು ಹೇಳಬೇಕೆಂದಿರುವುದು. ವಿಚಾರಿಸಲು ಬಂದವನು ಮನೆಯಲ್ಲಿ ಕಳೆ ಇಲ್ಲ ಎಂದು ಹೋದರೆ? ಅದಕ್ಕೇ ಹಾಡಿದ, ತಮಾಷೆ ಮಾಡಿದ, ಮಜ್ಜಿಗೆ ಕುಡಿದು ಹೆಂಡ ಕುಡಿದವನಿಗಿಂತ ಹೆಚ್ಚು ಕುಣಿದ. ಅಂಜಮ್ಮ ಜಗಲಿಯಲ್ಲಿ ಬರಿಯ ಎಲೆ ಅಡಿಕೆ ಜಗಿಯುತ್ತಾ ಮಗನನ್ನು ನೋಡಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಉಳಿದದ್ದು ಭಾರತಿ. ತನಗೆ ಮದುವೆಯಂತೆ ಎಂದು ಸ್ಕೂಲಿನಲ್ಲಿ ಕೇಳಿ ಅಳುತ್ತಾ ಬಂದಳು. ಅಂಜಮ್ಮ ಅವಳನ್ನು ಹಿತ್ತಲಿಗೆ ಕರೆದು ಗಂಡೂ ಇಲ್ಲ ಗುಂಡೂ ಇಲ್ಲ ಎಂದು ನಿಜ ಹೇಳಿದಳು. ಹುಡುಗಿ ಮೂಗು ಒರೆಸಿಕೊಂಡು ಯೋಚಿಸಿತು.

“ಮದ್ವೆ ಗಟ್ಟಿಯಾಗ್ಬಿಟ್ರೆ ಅಪ್ಪ ಮತ್ತೆ ಕುಡೀತಾನಾ?”

“ಯಾರಿಗ್ ಗೊತ್ತಮ್ಮಾ.”

“ಹಂಗಾರೆ ಗಟ್ಟಿ ಮಾಡ್ಬೇಡಿ.”

ಅಲ್ಲಿಂದ ಮೂವರೂ ಒಂದಾದರು. ಮೂವರಲ್ಲಿ ಭಾರತಿಯೇ ಜೋರು. ಊಟಕ್ಕೆ ಕೂತಾಗ, ಅಪ್ಪಾ ಆ ಚಾಪೆ ಮಾರುವವನು ನಮ್ಮ ಮನೆಯ ಕಡೆ ಎರಡು ಸಲ ತಿರುಗಿ ನೋಡಿದ ಎನ್ನುವಳು. ತಾತ ಒಂದು ವಾರ ಎಚ್ಚರ. ಕೋಲಾರದ ಗಂಡಿನವರು ಓದಿದ ಹುಡುಗಿಯೇ ಬೇಕು ಎನ್ನುತ್ತಾರೆ ಎಂದು ಅಂಜಮ್ಮ ಸುದ್ದಿ ಹುಟ್ಟಿಸಿದಳು, ಭಾರತಿಯ ಸ್ಕೂಲು ಮುಂದುವರಿಯಿತು. ವರ್ಷಗಳು ಹೋದ ಹಾಗೆ ಹಳೇ ಗಂಡುಗಳನ್ನು ವಿಲೇವಾರಿ ಮಾಡಬೇಕಾಯಿತು. ಮುಳಬಾಗಿಲವನನ್ನು ಯುದ್ಧಕ್ಕೆ ಕಳಿಸಿದರು. ಮಾಲೂರಿನವನ ಜಾತಕ ಕೂಡಲಿಲ್ಲ. ಕೋಲಾರದವನು ಬೇರೆ ಕಡೆ ಮದುವೆಯಾದ ಎಂದಾಗ ಅಂಜಮ್ಮನಿಗೆ ನಿಜವಾಗಿಯೇ ಬೇಜಾರಾಯಿತಂತೆ. ಇಷ್ಟು ವರ್ಷ ಕಾಯಿಸಿ ಹೀಗೆ ಮಾಡಬಹುದಾ ಎಂದಳಂತೆ.

ಹುಡುಗಿಗೆ ಹದಿನೆಂಟು ತುಂಬಿತು. ಊರು ಬಾಯಿಗೆ ಬಂದದ್ದು ಆಡಿತು. ಯಾರೂ ಸೊಪ್ಪು ಹಾಕಲಿಲ್ಲ.

10

ಈಗ ನನ್ನ ಅಪ್ಪ ಬರಬೇಕು. ೧೯೪೩. ಮುಳಬಾಗಿಲ ಕಡೆಯ ಮೇಷ್ಟ್ರು, ಸೈಕಲ್ ತಳ್ಳಿಕೊಂಡು ಬಂದರು. ಟಯರಿನಲ್ಲಿ ಗಾಳಿ ಇರಲಿಲ್ಲ. ಈ ಊರಿನಲ್ಲಿ ಯಾರ ಹತ್ತಿರವಾದರೂ ಪಂಪು ಇದೆಯಾ ಎಂದು ಕೇಳಿದರು, ಅಷ್ಟೇ. ಕೇಳಿದ್ದು ತಾತನನ್ನು. ತಾತ ಮೇಲಿಂದ ಕೆಳಗೆ ನೋಡಿ, ಓಹೋ ಸೈಕಲ್ ನೆಪ ಎಂದುಕೊಂಡ. ಜಗಲಿಗೆ ಕರೆದ. ಮಜ್ಜಿಗೆ ಬಂತು. ವಂಶದ ವಿವರ ಬಂತು. ಮಗಳ ಓದು ಬಂತು. ಕೊನೆಗೆ ಮಗಳೇ ಬಂದು, ಎಂಟು ವರ್ಷದ ಅಭ್ಯಾಸದ ಕಣ್ಣಿನಿಂದ ಈ ಬೇಹುಗಾರನನ್ನು ಅಳೆದು, ಮೊದಲ ಸಲ ಅಪ್ಪನಿಗೆ ಏನೂ ಹೇಳದೆ ಒಳಗೆ ಹೋದಳು. ಮೇಷ್ಟ್ರು ಪಂಪಿನ ವಿಷಯ ಮರೆತರು. ಮುಂದಿನ ವಾರ ಟಯರು ಸರಿಯಾಗಿದ್ದರೂ ಸೈಕಲ್ ತಳ್ಳಿಕೊಂಡೇ ಬಂದರು.

ಅಜ್ಜಿಗೆ ಸಂತೋಷವೂ ಹೌದು, ಭಯವೂ ಹೌದು. ಮಗಳ ಮದುವೆ ಗಟ್ಟಿಯಾದರೆ ಔಷಧಿ ಮುಗಿಯಿತು. ಮಗಳಿಗೂ ಅದೇ ಚಿಂತೆ. ನಾನು ಒಲ್ಲೆ ಎನ್ನುತ್ತೇನಮ್ಮಾ ಎಂದಳಂತೆ. ಅಜ್ಜಿ ಬೈದಳಂತೆ: ಎಂಟು ವರ್ಷ ಅವನನ್ನು ಕಾದದ್ದು ಸಾಕು, ಇನ್ನು ನಿನ್ನ ಬದುಕು ನೋಡು ಎಂದು. ಮದುವೆ ಆಯಿತು. ಚಪ್ಪರ, ವಾಲಗ, ಎಲ್ಲ. ಬೀಗರು ಗಾಡಿ ಹತ್ತಿ ಹೊರಟರು. ಅಂಗಳ ಖಾಲಿಯಾಯಿತು. ಮುನಿರಾಮಪ್ಪ ಹಿತ್ತಲಿನ ಬೇಲಿಯ ಹತ್ತಿರ ಒಂದು ಮಡಕೆ ಹಿಡಿದು ನಿಂತಿದ್ದ.

ಇನ್ನು ಅಂತ್ಯ. ಆರಿಸಿಕೊಳ್ಳಿ.

ಒಂದು: ತಾತ ಬೇಲಿಯ ಹತ್ತಿರ ಹೋಗಿ ಮಡಕೆ ಇಸಿದುಕೊಂಡು ಕುಡಿದ. (ತಾತ: “ಥೂ, ಬರೀಬೇಡ ಇದನ್ನ.” ಮುನಿರಾಮಪ್ಪ: “ಬರೀಲಿ ಬಿಡ್ಲಾ.”)

ಎರಡು: ಅಜ್ಜಿ ಅವನಿಗೆ ಎಲ್ಲ ಹೇಳಿದಳು. ಕೋಲಾರದಲ್ಲಿ ಡಾಕ್ಟರು, ಮುಳಬಾಗಿಲಲ್ಲಿ ಪೂಜಾರಿ, ಮಾಲೂರಿನಲ್ಲಿ ಪುಡಿ, ಗಂಡು ಎಲ್ಲೂ ಇರಲಿಲ್ಲ. ತಾತ ನಕ್ಕು, “ಗಂಡು ನೋಡಕ್ ಹೋದೋಳು ದಾರಿಯುದ್ದಕ್ಕೂ ಕಕ್ಕೊಂಡು ಬಂದ್ರೆ ನಂಗೊತ್ತಾಗಲ್ವೇನೇ?” ಎಂದ. ತಾತನಿಗೆ ಇದೇ ಇಷ್ಟ, ಇದನ್ನೇ ಹಾಕು ಎನ್ನುತ್ತಾನೆ. ಅಜ್ಜಿ ಒಪ್ಪುವುದಿಲ್ಲ. ಅವನಿಗೆ ಏನೇನೂ ಗೊತ್ತಿರಲಿಲ್ಲ, ಆಮೇಲೆ ಜಾಣ ಆಗಲು ನೋಡುತ್ತಿದ್ದಾನೆ ಎನ್ನುತ್ತಾಳೆ. ಬದುಕಿದ್ದಾಗಲೂ ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೀಗೇ ಹೇಳಿದ್ದು. ಎದುರುಬದುರು ಕೂರಿಸಿ ಕೇಳಿದರೆ ಇಬ್ಬರೂ ನಗುತ್ತಿದ್ದರು.

ಮೂರನೆಯದು ಅಂತ್ಯವಲ್ಲ, ನಾನೇ ನೋಡಿದ್ದು. ೧೯೪೯. ನನಗೆ ಐದು ವರ್ಷ, ರಜೆಗೆ ತಾತನ ಮನೆಗೆ ಬಂದಿದ್ದೆ. ಜಗಲಿಯಲ್ಲಿ ತಾತನ ಹೊಟ್ಟೆಗೆ ಒರಗಿಕೊಂಡಿದ್ದೆ. ಬೀದಿಯ ತುದಿಯಲ್ಲಿ ಯಾರೋ ಗುರುತಿಲ್ಲದವನು ಕಾಣಿಸಿದ. ತಾತ ಎದ್ದು ಕೂತ, ಕೂದಲಿಗೆ ನೀರು ಸವರಿಕೊಂಡ, ಅಂಗಿಯ ಗುಂಡಿ ಹಾಕಿಕೊಂಡ. ಯಾರು ತಾತ ಎಂದೆ.

“ಸುಮ್ಕಿರು. ನಿನ್ ಗಂಡಿನ ಕಡೆಯೋರು.”

ನನಗೆ ಐದು ವರ್ಷ. ಗಂಡು ಹುಡುಕುವುದಕ್ಕೆ ಇನ್ನೂ ಬೇಕಾದಷ್ಟು ಟೈಮ್ ಇತ್ತು.

11

ನನ್ನ ಮದುವೆಯೂ ಆಯಿತಲ್ಲ, ಅವತ್ತು ತಾತ ಏನು ಮಾಡಿದ ಎಂದು ನೀವು ಕೇಳುತ್ತೀರಿ. ಹೇಳೋಣ ಎಂದೇ ಬೆರಳು ಒತ್ತಿ ಹಿಡಿದೆ. ಆದರೆ ತಾತ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳುತ್ತಿದ್ದಾನೆ.

“ಇವ್ರ್ ಯಾರೇ? ಆವಾಗ್ಲಿಂದ ಕೂತವ್ರೆ. ಮನೆ ವಿಷ್ಯ ಎಲ್ಲಾ ಕೇಳುಸ್ಕೊಂಡ್ರು.”

ಓದುವವರು ತಾತ ಎಂದೆ.

“ಯಾವೂರು?”

ಗೊತ್ತಿಲ್ಲ ಎಂದೆ.

“ಊರ್ ಹೇಳ್ದೆ, ಹೆಸರ್ ಹೇಳ್ದೆ ಬಂದು, ಅವ್ನು ಕುಡ್ದನಾ ಬಿಟ್ಟನಾ ಅಂತ ಕೇಳೋರು ಇನ್ಯಾರಿರ್ತಾರೆ? ನಿನ್ ಮೊಮ್ಮಗಳ ಗಂಡಿನ ಕಡೆಯೋರೇ.”

ಎಷ್ಟು ಹೇಳಿದರೂ ಕೇಳುತ್ತಿಲ್ಲ. ಗುಂಡಿ ಹಾಕಿಕೊಂಡಾಯಿತು, ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾನೆ, ಅಜ್ಜಿಯನ್ನು ಮಜ್ಜಿಗೆ ತಾ ಎಂದು ಕೂಗಿದ್ದಾನೆ. ನಿಮ್ಮ ಮನೆಯಲ್ಲಿ ಮದುವೆಗೆ ಬಂದ ಹುಡುಗ ಇಲ್ಲದಿದ್ದರೂ ಪರವಾಗಿಲ್ಲ, ಇಲ್ಲ ಎಂದು ಮಾತ್ರ ಹೇಳಬೇಡಿ. ಕೆಲಸ ಏನೂ ಇಲ್ಲದಿದ್ದರೆ ಇನ್ನೊಂದು ಸ್ವಲ್ಪ ಹೊತ್ತು ಇರಿ.